ಕಹಿ ಬಂದರೆ ಪಾಸು

ಕಲ್ಲು ಕೊಯ್ಯುವ ಕಾರ್ಖಾನೆಯ ಸ್ಟೋರಿನಲ್ಲಿ ಬ್ಲೇಡು, ಗೋಂದು, ಗ್ರೀಸ್ ಡಬ್ಬ ಕಾಯ್ದುಕೊಂಡು ತಮ್ಮ ಪಾಡಿಗೆ ತಾವಿದ್ದ ಒಬ್ಬ ಗೃಹಸ್ಥರಿಗೆ ಮಾಲೀಕರು ಒಂದು ದಿನ ನಡೆದು ಹೋಗುತ್ತಲೇ, "ಆ ಮಾಸ್ಕುಗಳ ಉಸ್ತುವಾರಿ ನೀವೇ ನೋಡ್ಕೊಳ್ರೀ" ಅಂದುಬಿಟ್ಟರು. ಮಾಸ್ಕಿನ ಡಬ್ಬಗಳು ದಾರಿಗಡ್ಡ ಬಿದ್ದು ಕಾಲಿಗೆ ತಗಲುತ್ತಿದ್ದವು, ಅಷ್ಟೇ ಕಾರಣ. ಹೇಳಿದವರು ಮರುಗಳಿಗೆಯೇ ಮರೆತರು. ಕೇಳಿಸಿಕೊಂಡವರು ಮರೆಯಲಿಲ್ಲ. ಸಂಜೆಯೊಳಗೆ ಸ್ಟೋರಿನ ಬಾಗಿಲ ಮೇಲೆ 'ಉಸ್ತುವಾರಿ ಅಧಿಕಾರಿ' ಎಂದು ಕೆಂಪು ಬಣ್ಣದ ಬೋರ್ಡು ಹತ್ತಿತು. ಅಂದಿನಿಂದ ಕಾರ್ಖಾನೆಯವರು, ಬೀದಿಯವರು, ವಿಧಿಯಿಲ್ಲದೆ ನಾವೂ ಅವರನ್ನು ಉಸ್ತುವಾರಿಗಳು ಎಂದೇ ಕರೆಯಬೇಕಾಯಿತು.

ಪದವಿಗೆ ಮೊದಲೇ ಅವರಿಗೊಂದು ಮೀಸೆಯಿತ್ತು. ಇತ್ತು ಅಂದರೆ ಎಲ್ಲರಿಗೂ ಇರುವ ಹಾಗೆ ಇತ್ತು ಅಂದುಕೊಳ್ಳಬೇಡಿ. ಮೂಗಿನ ಕೆಳಗೆ ಹುಟ್ಟಿ, ಎರಡೂ ಕೆನ್ನೆಯ ಮೇಲೆ ಹಾದು, ಕಿವಿಯ ತನಕ ಹೋಗಿ ಯೋಗಕ್ಷೇಮ ವಿಚಾರಿಸಿಕೊಂಡು ಬರುವಂಥ ಮೀಸೆ. ಯಾರಾದರೂ ವಿಳಾಸ ಕೇಳಿದರೆ ಬೀದಿಯವರು, "ಮೀಸೆ ಮನೆ ತಾನೇ?" ಎಂದು ಕೈ ತೋರಿಸುತ್ತಿದ್ದರು.

ಈ ಹೊಸ ಪದವಿಯನ್ನು ನಿಜಕ್ಕೂ ನಂಬಿದವಳು ಒಬ್ಬಳೇ, ಅವರ ಹೆಂಡತಿ. ಆಕೆಯ ಒಬ್ಬನೇ ತಮ್ಮ ಅದೇ ಕಾರ್ಖಾನೆಯ ಕಟಿಂಗ್ ಶೆಡ್ಡಿನಲ್ಲಿ ಅಡುಗೆಕಟ್ಟೆಗೆ ಹಾಸುವ ಕಲ್ಲು ಕೊಯ್ಯುತ್ತಿದ್ದ. ಊಟ, ನಿದ್ದೆ, ಕೆಮ್ಮು ಎಲ್ಲಾ ಅಕ್ಕ-ಭಾವನ ಮನೆಯಲ್ಲೇ. ಅದೇ ಶೆಡ್ಡಿನಲ್ಲಿ ಹಿಂದೆ ಇದ್ದ ಹಳೇ ಮೇಸ್ತ್ರಿಯನ್ನು ಆಕೆ ಒಮ್ಮೆ ನೋಡಿಕೊಂಡು ಬಂದಿದ್ದಳು. ಚಪ್ಪಡಿಯನ್ನು ಹೆಗಲಿಗೇರಿಸಿಕೊಂಡು ನಗುನಗುತ್ತಾ ಓಡಾಡುತ್ತಿದ್ದ ಆಳು ಈಗ ಮಂಚದಿಂದ ಬಾಗಿಲ ತನಕ ಬರುವಷ್ಟರಲ್ಲಿ ಗೋಡೆ ಹಿಡಿದು ನಿಂತು ಏದುಸಿರು ಬಿಟ್ಟಿದ್ದ. ಕಲ್ಲಿನ ಧೂಳು ಎದೆಯಲ್ಲಿ ಕೂತಿದೆ, ಅದನ್ನು ತೆಗೆಯುವ ಮದ್ದೇ ಇಲ್ಲವಂತೆ. ಆಕೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಗಂಡನನ್ನು ಹಿಡಿದಳು.

"ನನ್ನ ತಮ್ಮನ ಎದೆ ಇನ್ನೂ ಚೊಕ್ಕವಾಗಿದೆ ಅಂತ ಎಕ್ಸ್‌ರೇ ತೆಗೆದೋರು ಹೇಳಿದ್ದಾರೆ. ಧೂಳು ಇವತ್ತೇ ನಿಲ್ಬೇಕು ಅಂತಲೂ ಹೇಳಿದ್ದಾರೆ. ಬೋರ್ಡ್ ಹಾಕ್ಕೊಂಡಿದ್ದೀರಲ್ಲ, ಅವನ ಎದೆ ಉಸ್ತುವಾರಿಯೂ ನಿಮ್ದೇ. ಅವನಿಗೆ ಏನಾದ್ರೂ ಆಯ್ತು ಅಂದ್ರೆ ನಾನು ನಿಮ್ಮನ್ನ ಸುಮ್ಮನೆ ಬಿಡಲ್ಲ."

"ನಾನಿರೋವಾಗ ಧೂಳಿಗೆ ಅಷ್ಟು ಧೈರ್ಯವಾ?" ಎಂದು ಉಸ್ತುವಾರಿಗಳು ಮೀಸೆ ತೀಡಿದರು.

ಧೂಳಿನ ಧೈರ್ಯ ಅಳೆಯಲಿಕ್ಕೆಂದೇ ಮಾಲೀಕರು ಅವರನ್ನು ಒಂದು ದಿನದ ತರಬೇತಿಗೆ ಕಳುಹಿಸಿದರು. ಮಾಸ್ಕು ಮುಖಕ್ಕೆ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡುವ ವಿಧಾನವನ್ನು ಅಲ್ಲಿ ಹೇಳಿಕೊಟ್ಟರು. ಮುಂದೆ ಕಿಟಕಿಯಿರುವ, ಭುಜದವರೆಗೆ ಇಳಿಯುವ ಒಂದು ಟೊಪ್ಪಿಗೆ. ಅದರೊಳಗೆ ತಲೆ ತೂರಿಸಬೇಕು. ಸಣ್ಣ ತೂತಿನಿಂದ ಕಹಿ ಮದ್ದಿನ ತುಂತುರು ಬಿಡುತ್ತಾರೆ. ಮೊದಲ ಭಾಗದಲ್ಲಿ ಮಾಸ್ಕು ಇರುವುದಿಲ್ಲ, ನಾಲಿಗೆಗೆ ಕಹಿ ತಿಳಿಯುತ್ತದೋ ಇಲ್ಲವೋ ನೋಡಲಿಕ್ಕೆ ಅಷ್ಟೇ. ತಿಳಿದರೆ ಪಾಸು. ಎರಡನೆಯ ಭಾಗದಲ್ಲಿ ಮಾಸ್ಕು ಹಾಕಿ ಅದನ್ನೇ ಮಾಡುತ್ತಾರೆ. ಆಗ ಕಹಿ ಬಂತೋ, ಮಾಸ್ಕಿನ ಸಂದಿಯಿಂದ ಗಾಳಿ ನುಗ್ಗುತ್ತಿದೆ ಎಂದರ್ಥ, ಫೇಲು. ಇದಿಷ್ಟೂ ನಿಮಗೆ ಈಗ ಗೊತ್ತಾಯಿತು. ಉಸ್ತುವಾರಿಗಳಿಗೆ ಗೊತ್ತಾಗಲಿಲ್ಲ. ಎರಡು ಭಾಗಗಳ ನಡುವೆ ಚಹಾ ಕೊಟ್ಟರು. ಚಹಾದ ಜೊತೆ ಒಬ್ಬ ಪುಣ್ಯಾತ್ಮ, "ಮೀಸೆಗೆ ಏನು ಎಣ್ಣೆ ಹಚ್ತೀರಿ ಸರ್?" ಎಂದು ಕೇಳಿದ. ಅಂಥ ಪ್ರಶ್ನೆಗೆ ಚುಟುಕಾಗಿ ಉತ್ತರ ಹೇಳುವುದು ಅವರ ಜಾಯಮಾನವಲ್ಲ. ಎಣ್ಣೆಯಿಂದ ಬಾಚಣಿಗೆಗೆ, ಬಾಚಣಿಗೆಯಿಂದ ಮಲಗುವ ಭಂಗಿಗೆ ಬರುವಷ್ಟರಲ್ಲಿ ಒಳಗೆ ಎರಡನೆಯ ಭಾಗ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಹಂಚುತ್ತಿದ್ದರು. ಇವರೂ ಒಂದು ಇಸಿದುಕೊಂಡು ಬಂದರು.

ಮಾರನೆಯ ದಿನವೇ ಕಟಿಂಗ್ ಶೆಡ್ಡಿನ ಮುಂದೆ ಪಾಠ ಶುರು. ಫ್ಯಾನು ಬಂದಿದ್ದ ರಟ್ಟಿನ ಡಬ್ಬಕ್ಕೆ ತೂತು ಕೊರೆದು ಟೊಪ್ಪಿಗೆ ಮಾಡಿದರು. ಜ್ವರದ ಕಹಿ ಮಾತ್ರೆ ಅರೆದು ನೀರಿಗೆ ಕಲಸಿ, ಗಿಡಕ್ಕೆ ನೀರು ಚಿಮುಕಿಸುವ ಬಾಟ್ಲಿಗೆ ತುಂಬಿದರು. ಮಾಸ್ಕಿನ ತರಬೇತಿ ಅಂದ ಮೇಲೆ ಮಾಸ್ಕು ಇರಲೇಬೇಕಲ್ಲ ಎಂದು ಅದನ್ನೂ ತಾವೇ ಸೇರಿಸಿಕೊಂಡರು.

"ಕೇಳ್ರಪ್ಪಾ," ಎಂದು ಗಂಟಲು ಸರಿಮಾಡಿಕೊಂಡರು, "ಇದು ನಾಲಿಗೆ ಪರೀಕ್ಷೆ. ಮಾಸ್ಕ್ ಹಾಕ್ಕೊಂಡು ಡಬ್ಬದೊಳಗೆ ತಲೆ ಇಡೋದು. ನಾನು ಹೊಡೀತೀನಿ. ಕಹಿ ಬಂದ ತಕ್ಷಣ ಗಟ್ಟಿಯಾಗಿ 'ಕಹಿ' ಅನ್ನೋದು. ಕಹಿ ಬಂದ್ರೆ ಪಾಸು!"

ಮೊದಲು ಕೂತವನು ಪಾಲಿಶ್ ಮಾಡುವ ದಪ್ಪ ಮನುಷ್ಯ. ಮುಖ ನುಣ್ಣಗಿತ್ತು, ಮಾಸ್ಕು ಅಂಟಿಸಿದ ಹಾಗೆ ಕೂತಿತ್ತು. ಉಸ್ತುವಾರಿಗಳು ಬಾಟ್ಲಿ ಒತ್ತಿ ಒತ್ತಿ ಕೈ ಸೋತರು.

"ಏನೂ ಬರ್ತಿಲ್ಲ ಉಸ್ತುವಾರಿಗಳೇ."

"ಬರ್ಬೇಕು ಕಣಯ್ಯಾ! ಮನಸ್ಸಿಟ್ಟು ನೋಡು."

"ಮನಸ್ಸಿಟ್ಟೆ. ಬೆವರು ಬರ್ತಿದೆ, ಕಹಿ ಬರ್ತಿಲ್ಲ."

"ಹಾಗಾದ್ರೆ ಆ ಪಟ್ಟಿ ಸ್ವಲ್ಪ ಸಡಿಲ ಮಾಡ್ಕೋ."

ಸಡಿಲ ಮಾಡಿದ ಕೂಡಲೇ ದಪ್ಪ ಮನುಷ್ಯ "ಅಯ್ಯಯ್ಯೋ ಕಹಿ!" ಎಂದು ಡಬ್ಬ ಸಮೇತ ಎದ್ದು ನಿಂತ. ಉಸ್ತುವಾರಿಗಳು ಬೆನ್ನು ತಟ್ಟಿದರು. ಹೀಗೆ ಒಬ್ಬೊಬ್ಬರ ಪಟ್ಟಿಯನ್ನೂ ತಾವೇ ಕೈಯಾರೆ ಸಡಿಲಿಸಿ ಎಲ್ಲರನ್ನೂ ಪಾಸು ಮಾಡಿಸಿದರು. ಇಡೀ ಶೆಡ್ಡಿನಲ್ಲಿ ಪಟ್ಟಿ ಬಿಗಿಯಾಗಿದ್ದಾಗಲೇ, ಒಂದೇ ಒತ್ತಿಗೆ, ಕಣ್ಣಲ್ಲಿ ನೀರು ತುಂಬಿಕೊಂಡು "ಕಹಿ ಭಾವಾ!" ಎಂದು ಕೂಗಿದವನು ಅವರ ಬಾಮೈದ ಒಬ್ಬನೇ.

"ನೋಡಿ ಕಲೀರಿ!" ಎಂದು ಉಸ್ತುವಾರಿಗಳು ಅವನ ಭುಜ ಹಿಡಿದು ಎಲ್ಲರ ಮುಂದೆ ನಿಲ್ಲಿಸಿದರು. "ಇದು ನಾಲಿಗೆ ಅಂದ್ರೆ!"

ನಾಲಿಗೆಗೂ ಅದಕ್ಕೂ ಸಂಬಂಧವಿರಲಿಲ್ಲ. ಬಾಮೈದನಿಗೆ ಗಡ್ಡವಿತ್ತು. ದಟ್ಟವಾಗಿ, ಕತ್ತರಿ ಆಡಿಸಿ, ತಿದ್ದಿ ತೀಡಿ ಬೆಳೆಸಿದ ಗಡ್ಡ. ಮಾಸ್ಕಿನ ಅಂಚು ಚರ್ಮದ ಮೇಲೆ ಕೂರುವ ಬದಲು ಆ ಗಡ್ಡದ ಮೇಲೆ ತೇಲುತ್ತಿತ್ತು. ಹಿಟ್ಟಿನ ಗಿರಣಿಯವರ ಮಗಳ ಜೊತೆ ಅವನ ಮದುವೆ ಮಾತಾಗಿತ್ತು. ಗಡ್ಡ ಬಿಟ್ಟುಕೊಂಡ ಫೋಟೋ ನೋಡಿ ಹುಡುಗಿ ಒಪ್ಪಿದ್ದಾಳೆ ಅಂತ ಕೇಳಿದ ಮೇಲೆ ಅವನು ಬಟ್ಟೆಗಿಂತ ಗಡ್ಡಕ್ಕೆ ಹೆಚ್ಚು ಸಮಯ ಕೊಡುತ್ತಿದ್ದ.

ಪ್ರತಿಭೆ ಕಂಡ ಮೇಲೆ ಗುರುಗಳು ಸುಮ್ಮನಿರುತ್ತಾರೆಯೇ? ಮನೆಯಲ್ಲೂ ಅಭ್ಯಾಸ ನಡೆಯಿತು. ಸಂಜೆ ನಡುಮನೆಯಲ್ಲಿ ಬಾಮೈದ ಡಬ್ಬದೊಳಗೆ ತಲೆ ಇಟ್ಟು, ಮಾಸ್ಕು ಹಾಕಿಕೊಂಡು, "ಕಹಿ! ಕಹಿ! ಸಾಕು ಭಾವಾ!" ಎಂದು ಕೂಗುವುದು, ನಡುನಡುವೆ ಕೆಮ್ಮುವುದು, ಉಸ್ತುವಾರಿಗಳು "ಇನ್ನೊಂದು ಸಲ, ಇನ್ನೊಂದೇ ಸಲ" ಎಂದು ಬಾಟ್ಲಿ ಒತ್ತುವುದು. ಇದನ್ನು ಮೆಟ್ಟಿಲ ಕಿಟಕಿಯಿಂದ ನೋಡಿದವರು ಮೇಲ್ಮನೆಯ ಅಂಚೆಯಣ್ಣ. ಕೆಲಸದಿಂದ ನಿವೃತ್ತರಾಗಿದ್ದರೂ ಮನೆಮನೆಗೆ ಹಂಚುವ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ಈಗ ಕಾಗದವಿಲ್ಲ, ಸುದ್ದಿ ಮಾತ್ರ.

"ಪಾಪ, ಹುಡುಗನಿಗೆ ಎದೆ ಕಾಯಿಲೆ," ಎಂದು ಇಸ್ತ್ರಿ ಅಂಗಡಿಯಲ್ಲಿ ಹಂಚಿದರು. "ಮುಖಕ್ಕೆ ಅದೇನೋ ಕಟ್ಟಿ, ತಲೆ ಪೆಟ್ಟಿಗೆಯೊಳಗೆ ಇಟ್ಟು, ಕಹಿ ಮದ್ದಿನ ಹೊಗೆ ಕೊಡ್ತಾರೆ. ಮದುವೆ ಹೊತ್ತಿಗೆ ಹೇಗಾದ್ರೂ ಮುಚ್ಚಿಹಾಕೋಣ ಅಂತ."

ಹಾಲಿನ ಅಂಗಡಿಯಲ್ಲಿ ಕಾಯಿಲೆ ಅಂಟುವಂಥದ್ದಾಯಿತು. ಬೀದಿ ಕೊನೆಯ ಹೊತ್ತಿಗೆ ಹುಡುಗನಿಗೆ ಒಂದೇ ಶ್ವಾಸಕೋಶ ಉಳಿದಿತ್ತು. ಆಮೇಲೆ ಅಂಚೆಯಣ್ಣ ಗೋಧಿ ಬೀಸಿಸಲು ಹೊರಟರು. ಅವರು ಹೋದದ್ದು ಯಾರ ಗಿರಣಿಗೆ ಎಂದು ಬೇರೆ ಹೇಳಬೇಕೇ?

ಇತ್ತ ಕಾರ್ಖಾನೆಗೆ ಮಾಸ್ಕು ಪರೀಕ್ಷೆ ಮಾಡುವ ಸರ್ಕಾರಿ ಮೇಡಂ ಬಂದರು. ಮೆದುವಾಗಿ ಮಾತಾಡುವ, ಆದರೆ ಒಮ್ಮೆ ಹೇಳಿದ್ದನ್ನು ಎರಡನೇ ಸಲ ಹೇಳದ ಹೆಂಗಸು. ಮೊದಲು ಮಾಸ್ಕಿಲ್ಲದೆ ಎಲ್ಲರ ನಾಲಿಗೆ ನೋಡಿದರು. "ಕಹಿ", "ಕಹಿ", "ಕಹಿ". ಉಸ್ತುವಾರಿಗಳು ಪಕ್ಕದಲ್ಲಿ ನಿಂತು ತಮ್ಮದೇ ಮಕ್ಕಳು ಓಟದಲ್ಲಿ ಗೆದ್ದ ಹಾಗೆ ಬೀಗುತ್ತಿದ್ದರು. ಆಮೇಲೆ ಮಾಸ್ಕು ಹಾಕಿಸಿದರು.

"ಕಹಿ!" ಎಂದ ದಪ್ಪ ಮನುಷ್ಯ.

ಮೇಡಂ ಪಟ್ಟಿ ಬಿಗಿ ಮಾಡಿ ಮತ್ತೆ ಒತ್ತಿದರು.

"ಕಹಿ!"

ಇನ್ನೊಂದು ಅಳತೆಯ ಮಾಸ್ಕು ಕೊಟ್ಟರು.

"ಅದಕ್ಕಿಂತ ಕಹಿ ಮೇಡಂ!"

ಸಾಲಿನಲ್ಲಿದ್ದವರೆಲ್ಲ ಅದನ್ನೇ ಅಂದರು. ಕೊನೆಯವನು ಟೊಪ್ಪಿಗೆ ಹಾಕುವ ಮೊದಲೇ ಅಂದ. ಮೇಡಂ ಪಿಚಕಾರಿ ಕೆಳಗಿಟ್ಟು, "ಇವರಿಗೆ ಹೇಳಿಕೊಟ್ಟೋರು ಯಾರು?" ಎಂದರು.

ಉಸ್ತುವಾರಿಗಳು ಒಂದು ಹೆಜ್ಜೆ ಮುಂದೆ ಬಂದು ಮೀಸೆಯ ಎಡತುದಿಯನ್ನೂ ಬಲತುದಿಯನ್ನೂ ಸಮಮಾಡಿಕೊಂಡರು. "ಎಲ್ಲ ನಮ್ಮ ತರಬೇತಿ ಮೇಡಂ. ನೋಡಿ, ಒಬ್ಬನೂ ಫೇಲಿಲ್ಲ."

"ಒಬ್ಬನೂ ಪಾಸಿಲ್ಲ," ಎಂದರು ಮೇಡಂ. "ಮಾಸ್ಕ್ ಹಾಕಿದ ಮೇಲೆ ಕಹಿ ಬಂದ್ರೆ ಧೂಳೂ ಹಾಗೇ ಒಳಗೆ ಹೋಗ್ತಿದೆ ಅಂತ. ನೀವು ತರಬೇತಿಗೆ ಹೋಗಿದ್ರಾ?"

"ಹೋಗಿದ್ದೆ... ನಡುವೆ ಚಹಾ ಕೊಟ್ರು."

ಅಷ್ಟರಲ್ಲಿ ಶೆಡ್ಡಿಗೆ ಬೀಗ ಬೀಳುತ್ತದೆ ಎಂಬ ಸುದ್ದಿ ಕೇಳಿ ಮಾಲೀಕರು ಓಡಿಬಂದರು. ಮೇಡಂ ಬೆನ್ನ ಹಿಂದೆ ನಿಂತುಕೊಂಡು, ಆಳುಗಳ ಕಡೆ ನೋಡಿ, ಕಣ್ಣು, ಕೈ, ತಲೆ ಎಲ್ಲವನ್ನೂ ಆಡಿಸಿ 'ಇಲ್ಲ ಅನ್ನಿ, ಇಲ್ಲ ಅನ್ನಿ' ಎಂದು ಸನ್ನೆ ಮಾಡಿದರು. ಅನ್ನ ಹಾಕುವ ಧಣಿ ಇಷ್ಟು ಕುಣಿದರೆ ಯಾರಿಗೆ ಕರುಣೆ ಬರುವುದಿಲ್ಲ?

ಮೇಡಂ ಮತ್ತೆ ಟೊಪ್ಪಿಗೆ ಹಾಕಿಸಿದ ಕೂಡಲೇ "ಇಲ್ಲ!" ಎಂದ ದಪ್ಪ ಮನುಷ್ಯ.

"ನಾನಿನ್ನೂ ಒತ್ತೇ ಇಲ್ಲ," ಎಂದರು ಮೇಡಂ.

"ಒತ್ತಿದ್ರೂ ಬರಲ್ಲ ಮೇಡಂ."

ಬಾಮೈದನ ಸರದಿ ಬಂತು. ಟೊಪ್ಪಿಗೆಯ ಕಿಟಕಿಯೊಳಗೆ ಅವನ ಹುಬ್ಬುಗಳು ಒಂದನ್ನೊಂದು ಅಪ್ಪಿಕೊಂಡವು, ಕಣ್ಣಲ್ಲಿ ನೀರು ಕಟ್ಟಿತು. "ಏನೂ ಇಲ್ಲ ಮೇಡಂ, ಸಕ್ಕರೆ ನೀರಿನ ಹಾಗಿದೆ," ಎಂದ ಗೊಗ್ಗರು ದನಿಯಲ್ಲಿ.

"ಇಲ್ಲಿ ಯಾರ ನಾಲಿಗೆಯನ್ನೂ ನಂಬೋ ಹಾಗಿಲ್ಲ," ಎಂದು ಮೇಡಂ ಸಾಮಾನು ಕಟ್ಟಿದರು. "ನಾಳೆ ಬರ್ತೀನಿ. ಪಾಸ್ ಆದೋರು ಮಾತ್ರ ಶೆಡ್ಡಿಗೆ ಹೋಗ್ಬೇಕು. ಸುಳ್ಳು ಹೇಳಿ ಪಾಸ್ ಆಗೋರು ನನಗೆ ಮೋಸ ಮಾಡಲ್ಲ, ತಮ್ಮ ಎದೆಗೆ ಮಾಡ್ಕೋತಾರೆ. ಅದನ್ನ ಇವರಿಗೆ ಅರ್ಥ ಮಾಡ್ಸಿ, ಉಸ್ತುವಾರಿಗಳೇ."

ಆ 'ಉಸ್ತುವಾರಿಗಳೇ' ಎಂಬ ಮಾತಿಗೆ ಮೊದಲ ಸಲ ಅವರ ಮೀಸೆ ಏಳಲಿಲ್ಲ. ಮಾಲೀಕರು ಆಮೇಲೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಸಂಜೆ ಮನೆಯಲ್ಲಿ ಹೆಂಡತಿಗೆ ಎಲ್ಲಾ ಹೇಳಲೇಬೇಕಾಯಿತು. ಆಕೆ ಪಾತ್ರೆ ತೊಳೆಯುತ್ತಾ ಕೇಳಿಸಿಕೊಂಡಳು.

"ಹಾಗಾದ್ರೆ ಶೆಡ್ಡಿನಲ್ಲೆಲ್ಲ ಮೊದಲ್ನೇ ಸಲಕ್ಕೇ ಪಾಸು, ಅಂಥ ನಾಲಿಗೆ ಇಲ್ಲ ಅಂತ ಇವನನ್ನ ಹೊತ್ಕೊಂಡು ಕುಣಿದ್ರಲ್ಲ?"

"ಹೂಂ."

"ಅಂದ್ರೆ ಎಲ್ಲರಿಗಿಂತ ಜಾಸ್ತಿ ಧೂಳು ಕುಡೀತಿರೋನು ಇವನೇ."

ಇಷ್ಟು ಹೊತ್ತು ಉಸ್ತುವಾರಿಗಳಿಗೆ ತಮ್ಮ ಮಾನ ಹೋಯಿತಲ್ಲ ಎಂಬ ಸಂಕಟ ಒಂದೇ ಇತ್ತು. ಈಗ ಹೆಂಡತಿ ಹೇಳಿದ್ದ ಹಾಗೆ ಹಳೇ ಮೇಸ್ತ್ರಿ ಗೋಡೆ ಹಿಡಿದು ನಿಂತದ್ದು ಕಣ್ಣಿಗೆ ಕಟ್ಟಿತು, ಆ ಜಾಗದಲ್ಲಿ ಗಡ್ಡದ ಹುಡುಗ ಕಂಡ. ನಿಜವಾಗಿ ಹೆದರಿದರು. ಎದ್ದು ನೇರವಾಗಿ ಬಾಮೈದನ ಬಳಿ ಹೋದರು.

"ಗಡ್ಡ ತೆಗಿ."

"ಆಗಲ್ಲ ಭಾವಾ."

"ತೆಗಿ ಅಂದೆ."

"ಹುಡುಗಿ ಒಪ್ಪಿರೋದು ಗಡ್ಡಾನ. ಗಡ್ಡ ಇಲ್ದೆ ನನ್ನ ಮುಖ ಹೇಗಿದೆ ಅಂತ ನನಗೇ ಮರೆತುಹೋಗಿದೆ. ಮದುವೆ ಮುರಿದ್ರೆ ನೀವು ಕಟ್ಟಿಕೊಡ್ತೀರಾ? ಇವತ್ತು ನನಗೆ ಕಹಿ ಬಂದಿಲ್ಲ, ಬಂದಿಲ್ಲ, ಬಂದಿಲ್ಲ."

"ಇವನು ಹೀಗೆ ಬಗ್ಗೋನಲ್ಲ," ಎಂದಳು ಅಕ್ಕ, ಕೈ ಒರೆಸಿಕೊಳ್ಳುತ್ತಾ. "ನಾಳೆ ಆ ಪರೀಕ್ಷೆಗೆ ನಾನೂ ಬರ್ತೀನಿ."

"ನೀನ್ಯಾಕೆ ಅಕ್ಕಾ?"

"ನಿನ್ನ ಎತ್ತಿ ಆಡಿಸಿದೋಳು ನಾನು. ಬರ್ತೀನಿ ಅಂದ್ರೆ ಬರ್ತೀನಿ."

ಬೆಳಿಗ್ಗೆ ಉಸ್ತುವಾರಿಗಳು ಬೀದಿಯ ಕ್ಷೌರದ ಅಂಗಡಿಯವನನ್ನು ಕುರ್ಚಿ, ಕನ್ನಡಿ ಸಮೇತ ಕಾರ್ಖಾನೆಗೆ ಹೊರಡಿಸಿಕೊಂಡು ಬಂದರು. ಮೇಡಂ ಬರುವ ಮೊದಲೇ ಎಲ್ಲರನ್ನೂ ಸೇರಿಸಿ, ಒಂದು ಕಲ್ಲಿನ ಮೇಲೆ ಹತ್ತಿ ನಿಂತರು. ಭಾಷಣ ಅವರಿಗೆ ಹೊಸದಲ್ಲ. ಈ ದಿನ ಮಾತ್ರ ಮಾತು ತಡವರಿಸಿತು.

"ನಾನು ಅರ್ಧ ಪಾಠ ಕೇಳ್ಕೊಂಡು ಬಂದೋನು. ಮಿಕ್ಕರ್ಧ ಹೊತ್ತು ಮೀಸೆ ವಿಷಯ ಮಾತಾಡ್ತಿದ್ದೆ. ನಿಮ್ಮ ಪಟ್ಟಿಗಳನ್ನ ಸಡಿಲ ಮಾಡಿದೋನು ನಾನೇ. ಬೈಯೋದಿದ್ರೆ ಬೈಕೊಳ್ಳಿ. ಇವತ್ತು ಮಾತ್ರ ನಿಜ ಹೇಳಿ. ಕಹಿ ಬಂದ್ರೆ ಬಂತು ಅನ್ನಿ, ನಿಮ್ಮ ಮುಖಕ್ಕೆ ಸರಿಹೋಗೋ ಮಾಸ್ಕ್ ಹುಡುಕಿಸಿ ಕೊಡೋ ತನಕ ನಾನು ಕೂತ್ಕೊಳ್ಳಲ್ಲ."

ಆಳುಗಳು ಸಿಕ್ಕ ಅವಕಾಶ ಬಿಡದೆ ಬೈದರು, ಮನಸಾರೆ ಬೈದರು. ಮೇಡಂ ಬಂದ ಮೇಲೆ ಒಬ್ಬೊಬ್ಬರಾಗಿ ಸ್ಟೂಲಿನ ಮೇಲೆ ಕೂತರು. ಬಿಗಿ ಪಟ್ಟಿಯ ಮಾಸ್ಕಿನೊಳಗೆ ದಪ್ಪ ಮನುಷ್ಯನಿಗೆ ಕಹಿ ಬರಲೇ ಇಲ್ಲ. ತಲೆ ಆಡಿಸಿದ, ಬಗ್ಗಿದ, ಜೋರಾಗಿ ಮಾತಾಡಿದ, ಆದರೂ ಬರಲಿಲ್ಲ. ಇನ್ನೊಬ್ಬನಿಗೆ ಬಂತು, ಸಣ್ಣ ಅಳತೆಯ ಮಾಸ್ಕು ಕೊಟ್ಟ ಮೇಲೆ ನಿಂತಿತು. ಬಾಮೈದನ ಸರದಿಗೆ ಅಕ್ಕ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಶೂ ಬಿಚ್ಚು."

"ಶೂ ಯಾಕಕ್ಕಾ? ಮಾಸ್ಕ್ ಮುಖಕ್ಕಲ್ವಾ?"

"ಬಿಚ್ಚೋ!"

ಬಿಚ್ಚಿದ. ಆಕೆ ಅವನ ಪಾದಗಳ ಮುಂದೆ ನೆಲದ ಮೇಲೆ ಕೂತುಬಿಟ್ಟಳು. ಚಿಕ್ಕಂದಿನಲ್ಲಿ ಕಹಿ ಕಷಾಯ ಕುಡಿಸಿದಾಗ ಇವನು ಬಾಯಲ್ಲಿ 'ಚೆನ್ನಾಗಿದೆ' ಅನ್ನುತ್ತಿದ್ದನಂತೆ, ಬಲಗಾಲ ಹೆಬ್ಬೆರಳು ಮಾತ್ರ ಬಾವುಟದ ಹಾಗೆ ಎದ್ದು ನಿಲ್ಲುತ್ತಿತ್ತಂತೆ. ಮೇಡಂಗೆ ಇದನ್ನು ವಿವರಿಸಿದಾಗ ಅವರು, "ಪುಸ್ತಕದಲ್ಲಿಲ್ಲ. ಆದ್ರೂ ನೋಡಿ," ಎಂದು ಪಿಚಕಾರಿ ಒತ್ತಿದರು.

"ಏನೂ ಇಲ್ಲ," ಎಂದ ಬಾಮೈದ.

ಹೆಬ್ಬೆರಳು ಎದ್ದಿತು.

"ಏನೂ ಇಲ್ಲ ಅಂದ್ನಲ್ಲ!"

ಹೆಬ್ಬೆರಳು ನೆಟ್ಟಗೆ ನಿಂತು ಅತ್ತಿತ್ತ ಆಡಿತು. ಇಡೀ ಶೆಡ್ಡು ಬಗ್ಗಿ ನೋಡಿತು. ಮಾಲೀಕರೂ ಬಗ್ಗಿದರು.

"ಕಳ್ಳ ನನ್ಮಗನೇ!" ಎಂದು ಅಕ್ಕ ಆ ಬೆರಳನ್ನೇ ಹಿಡಿದುಕೊಂಡಳು. ನಗಲು ಹೋದವಳಿಗೆ ಅಳು ಬಂತು. "ಬೇಡ ಕಣೋ. ನೀನು ಗೋಡೆ ಹಿಡ್ಕೊಂಡು ನಡೆಯೋದನ್ನ ನಾನು ನೋಡಕ್ಕಾಗಲ್ಲ."

ಬಾಮೈದ ಟೊಪ್ಪಿಗೆ ತೆಗೆದ. ಮುಖ ಸಣ್ಣದಾಗಿತ್ತು. ಆದರೂ ಹಟ ಬಿಡಲಿಲ್ಲ. "ಎಲ್ರೂ ನನಗೇ ಹೇಳ್ತೀರಿ. ಭಾವ ಮೀಸೆ ತೆಗೀತಾರಾ? ತೆಗೀಲಿ ನೋಡೋಣ. ಆಗ ನಾನೂ ತೆಗೀತೀನಿ."

ಇದು ಮನುಷ್ಯರು ಆಡುವ ಮಾತಲ್ಲ ಎನ್ನುವ ಹಾಗೆ ಎಲ್ಲರೂ ಬಾಮೈದನನ್ನು ನೋಡಿದರು. ಉಸ್ತುವಾರಿಗಳು ಸ್ಟೋರಿನಲ್ಲಿ ಕೂರುವವರು, ಧೂಳಿಗೆ ಹೋಗುವವರಲ್ಲ, ಅವರ ಮೀಸೆಯಿಂದ ಯಾರ ಎದೆಗೂ ಕೇಡಿರಲಿಲ್ಲ. ಹಾಗಂತ ವಾದ ಮಾಡಬಹುದಿತ್ತು. ಅವರು ಹೆಂಡತಿಯ ಮುಖ ನೋಡಿದರು, ಬಾಮೈದನ ಗಡ್ಡ ನೋಡಿದರು, ಹೋಗಿ ಕ್ಷೌರದ ಕುರ್ಚಿಯಲ್ಲಿ ಕೂತರು.

"ಹೊಡೆಯಪ್ಪ."

"ತುದಿ ಮಾತ್ರನಾ ಸ್ವಾಮಿ?" ಎಂದ ಕ್ಷೌರದವನು, ಕತ್ತರಿಯನ್ನು ಮೀಸೆಯ ತುದಿಗಷ್ಟೇ ಹಿಡಿದು.

"ಬುಡಸಮೇತ. ಇನ್ಮೇಲೆ ನಾನೂ ದಿನಾ ಶೆಡ್ಡಿನೊಳಗೆ ಹೋಗಿ ಇವರ ಪಟ್ಟಿ ನೋಡ್ತೀನಿ. ನನಗೂ ಮಾಸ್ಕ್ ಬೇಕಲ್ಲ."

ಮೀಸೆ ಬಿತ್ತು. ಕನ್ನಡಿಯಲ್ಲಿ ಯಾರೋ ಅಪರಿಚಿತ, ಸ್ವಲ್ಪ ಪೆದ್ದನಂತೆ ಕಾಣುವ ಒಬ್ಬ ಮನುಷ್ಯ ಅವರನ್ನೇ ನೋಡುತ್ತಿದ್ದ. ಹೆಂಡತಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು, ನಗುವೋ ಸಂಕಟವೋ ಗೊತ್ತಾಗಲಿಲ್ಲ. ಬಾಮೈದ ಬಂದು ಅದೇ ಕುರ್ಚಿಯಲ್ಲಿ ಕೂತ.

ಗಡ್ಡ ಹೋದ ಮೇಲೆ ಮತ್ತೆ ಟೊಪ್ಪಿಗೆ. ಮೇಡಂ ಒತ್ತಿದರು. ಹೆಬ್ಬೆರಳು ಮಲಗಿತ್ತು. ತಲೆ ಆಡಿಸಿದ, ಬಗ್ಗಿ ಎದ್ದ, ಮಾತಾಡಿದ. ಹೆಬ್ಬೆರಳು ಅಲ್ಲಾಡಲಿಲ್ಲ. ಅಕ್ಕನಿಗೆ ಸಮಾಧಾನವಿಲ್ಲ. "ಇನ್ನೊಂಚೂರು ಒತ್ತಿ ಮೇಡಂ, ಇನ್ನೊಂಚೂರು," ಎಂದು ಮೇಡಂ ಕೈ ಸೋಲಿಸಿದಳು.

"ನಿಜವಾಗ್ಲೂ ಇಲ್ಲ ಅಕ್ಕಾ," ಎಂದ ಒಳಗಿನಿಂದ. ಈ ಸಲ ಯಾರೂ ಅನುಮಾನಿಸಲಿಲ್ಲ. ಶೆಡ್ಡಿನ ಬಾಗಿಲು ತೆರೆಯಿತು, ಯಂತ್ರ ಕಿರುಗುಟ್ಟಿತು, ಬಾಮೈದ ಒಳಗೆ ಹೋದ.

ಊಟದ ಬಿಡುವಿನ ಹೊತ್ತಿಗೆ ಗೇಟಿನ ಮುಂದೆ ಆಟೋ ನಿಂತಿತು. ಇಳಿದವರು ಗಿರಣಿಯವರು, ಹಿಂದೆಯೇ ಅವರ ಮಗಳು. ಗಿರಣಿಯವರದೂ ಸಾಧಾರಣ ಗಡ್ಡವಲ್ಲ, ಎದೆಯ ತನಕ ಇಳಿದಿತ್ತು. ಅದರ ತುಂಬ ಹಿಟ್ಟು ಕೂತಿದ್ದರಿಂದ ಎಷ್ಟು ನರೆತಿದೆ ಎಂದು ಹೇಳುವುದು ಕಷ್ಟ. ಮಗಳು ಗಿರಣಿಯಲ್ಲಿ ಚೀಲ ಹೊಲಿಯುವವಳು, ಅಪ್ಪನ ದನಿಗಿಂತ ಮೊದಲು ಅವರ ಕೆಮ್ಮು ಕೇಳಿ ಬೆಳೆದವಳು.

"ಮೀಸೆ ಉಸ್ತುವಾರಿ ಎಲ್ಲಿ?" ಎಂದು ಗಿರಣಿಯವರು ಗುಡುಗಿದರು.

"ನಾನೇ, ಬನ್ನಿ ಬೀಗರೇ," ಎಂದು ಇವರು ಕೈ ಮುಗಿದರು.

"ತಮಾಷೆ ಬೇಡ. ನಾನು ಮಾತಾಡಿದ್ದು ಮೀಸೆ ಇದ್ದೋರ ಹತ್ರ."

"ಅದೇ ನಾನು. ಮೀಸೆ ಈಗ ತಾನೇ ಹೋಯ್ತು."

"ಎಲ್ಲಿಗೆ ಹೋಯ್ತು? ನೋಡಮ್ಮಾ," ಎಂದು ಅವರು ಮಗಳ ಕಡೆ ತಿರುಗಿದರು, "ಹುಡುಗನಿಗೆ ಒಂದೇ ಶ್ವಾಸಕೋಶ ಅಂತ ಅಂಚೆಯಣ್ಣ ಹೇಳಿದ್ರು. ಇಲ್ಲಿ ನೋಡಿದ್ರೆ ಭಾವಾನೂ ಬೇರೆಯೋನು! ಸಂಬಂಧ ಬೇಡ. ಕೆಮ್ಮೋ ಹುಡುಗನಿಗೆ ನಾನು..." ಎನ್ನುವಷ್ಟರಲ್ಲಿ ಅವರಿಗೇ ಕೆಮ್ಮು ಬಂತು. ಬಂದದ್ದು ಹೋಗಲಿಲ್ಲ. ಗೇಟಿನ ಕಂಬ ಹಿಡಿದುಕೊಂಡು, ಬಗ್ಗಿ, ಗಡ್ಡದಿಂದ ಹಿಟ್ಟು ಉದುರುವ ತನಕ ಕೆಮ್ಮಿದರು. ಮಗಳು ಬೆನ್ನು ನೀವಿದಳು. ಉಸ್ತುವಾರಿಗಳ ಹೆಂಡತಿ ನೀರು ತಂದಳು.

ನೀರು ಕುಡಿದ ಮೇಲೆ ಉಸ್ತುವಾರಿಗಳು ರಟ್ಟಿನ ಡಬ್ಬದಿಂದ ಹಿಡಿದು ಹೆಬ್ಬೆರಳಿನ ತನಕ ಎಲ್ಲವನ್ನೂ ಒಂದೂ ಬಿಡದೆ, ತಮ್ಮ ಪೆದ್ದುತನವನ್ನೂ ಸೇರಿಸಿ ಹೇಳಿದರು. ಎಕ್ಸ್‌ರೇ ವಿಷಯವನ್ನೂ ಹೇಳಿದರು. "ಅಷ್ಟು ಸುಲಭಕ್ಕೆ ನಂಬೋನಲ್ಲ ನಾನು," ಎಂದರು ಗಿರಣಿಯವರು.

ಆಗ ಶೆಡ್ಡಿನ ಬಾಗಿಲು ತೆರೆದು ಬಾಮೈದ ಹೊರಗೆ ಬಂದ. ತಲೆಯಿಂದ ಕಾಲತನಕ ಬೆಳ್ಳಗೆ ಕಲ್ಲಿನ ಪುಡಿ. ಹುಬ್ಬು, ರೆಪ್ಪೆ, ಕಿವಿಯ ಮಡಿಕೆ ಎಲ್ಲಾ ಒಂದೇ ಬಣ್ಣ. ಎದುರಿಗೆ ಯಾರಿದ್ದಾರೆಂದು ನೋಡದೆ ಪಟ್ಟಿ ಬಿಚ್ಚಿ ಮಾಸ್ಕು ತೆಗೆದ. ತೆಗೆದ ಮೇಲೆ ಹುಡುಗಿಯನ್ನು ಕಂಡು ಅಲ್ಲೇ ಕಂಬವಾದ. ಕೈ ತಾನಾಗಿ ಗಡ್ಡವನ್ನು ಹುಡುಕಿಕೊಂಡು ಹೋಗಿ ಬರಿಗಲ್ಲವನ್ನು ಮುಟ್ಟಿ ವಾಪಸ್ಸಾಯಿತು.

"ಇವನು ಯಾರು?" ಎಂದರು ಗಿರಣಿಯವರು. "ಫೋಟೋದಲ್ಲಿದ್ದೋನು ಎಲ್ಲಿ?"

ಹುಡುಗಿ ಹತ್ತಿರ ಹೋದಳು. ಹಣೆ ಬೆಳ್ಳಗೆ, ಕೆನ್ನೆ ಬೆಳ್ಳಗೆ, ಕುತ್ತಿಗೆ ಬೆಳ್ಳಗೆ. ಮೂಗು, ಬಾಯಿ, ಗಲ್ಲ ಇದ್ದ ಅಷ್ಟು ಜಾಗ ಮಾತ್ರ ಅಂಚು ಗೀರಿದ ಹಾಗೆ ಶುಭ್ರವಾಗಿತ್ತು. ಆಕೆ ಅವನ ಕೈಯಿಂದ ಮಾಸ್ಕು ಇಸಿದುಕೊಂಡು ಒಳಗೆ ಬೆರಳಾಡಿಸಿದಳು. ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಏನೂ ಅಂಟಿರಲಿಲ್ಲ.

"ಗಡ್ಡ ಹೋಯ್ತು," ಎಂದ ಬಾಮೈದ ಮೆಲ್ಲಗೆ, ತಪ್ಪು ಮಾಡಿದವನಂತೆ.

"ಹೋಗ್ಲಿ ಬಿಡಿ," ಎಂದಳು ಹುಡುಗಿ. "ನೀವು ಇದ್ದೀರಲ್ಲ."

ಆಮೇಲೆ ಅಪ್ಪನ ಕಡೆ ತಿರುಗಿ ಅವರನ್ನೇ ನೋಡುತ್ತಾ ನಿಂತಳು. ಗಿರಣಿಯವರಿಗೆ ಮಗಳ ಆ ನೋಟ ಗೊತ್ತಿತ್ತು. ಒಂದು ಕೈ ಗಡ್ಡದ ಮೇಲಿಟ್ಟುಕೊಂಡು, "ಅದು ಕಲ್ಲು, ನಮ್ಮದು ಹಿಟ್ಟು," ಎಂದರು.

"ಎದೆಗೆ ಎರಡೂ ಒಂದೇ ಅಪ್ಪಾ."

"ನೋಡೋಣ ಬಿಡು, ಮದುವೆ ಆಗ್ಲಿ, ಆಮೇಲೆ..."

"ಮದುವೆಗೆ ಮೊದಲು. ನಾನು ಹೋದ ಮೇಲೆ ರಾತ್ರಿಯೆಲ್ಲ ನಿಮ್ಮ ಬೆನ್ನು ನೀವೋರು ಯಾರು?"

ಗಿರಣಿಯವರಿಗೆ ಮತ್ತೆ ಕೆಮ್ಮು ಬಂತು. ಉಸ್ತುವಾರಿಗಳು ಅಷ್ಟರಲ್ಲೇ ಕ್ಷೌರದ ಕುರ್ಚಿಯನ್ನು ತಾವೇ ಎತ್ತಿಕೊಂಡು ಬಂದು ಬೀಗರ ಹಿಂದೆ ಇಟ್ಟು, ಭುಜದ ಟವೆಲಿನಿಂದ ಒರೆಸಿ, "ಕೂತ್ಕೊಳ್ಳಿ," ಎಂದರು.